ಇವತ್ತಿನ ಗಾಳಿಯಲ್ಲಿ ನಿಮ್ಮ ವಿಮಾನದ ಎಂಜಿನ್ ಎಷ್ಟು ಹಾರ್ಸ್‌ಪವರ್ ಕೊಡುತ್ತದೆ? ಹಂತ ಹಂತವಾಗಿ ಲೆಕ್ಕ ಹಾಕೋಣ

ಸಣ್ಣ ಪಿಸ್ಟನ್ ವಿಮಾನಗಳಲ್ಲಿ ಟೇಕಾಫ್‌ಗೆ ಮುಂಚೆ ಒಂದು ಪುಟ್ಟ ಪರೀಕ್ಷೆ ಇರುತ್ತದೆ. ಎಂಜಿನ್ 1700 ಆರ್‌ಪಿಎಂ ಆಸುಪಾಸಿನಲ್ಲಿ ಓಡುತ್ತಿರುವಾಗ ಕಾರ್ಬ್ಯುರೇಟರ್ ಹೀಟ್ ನಾಬ್ ಅನ್ನು ಹೊರಗೆ ಎಳೆಯುತ್ತಾರೆ. ಎಳೆದ ಕೂಡಲೇ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರಿನ ಮುಳ್ಳು ಕೆಳಗೆ ಜಾರುತ್ತದೆ, ಸುಮಾರು ನೂರು ಆರ್‌ಪಿಎಂ. ನಾಬ್ ಒಳಗೆ ತಳ್ಳಿದರೆ ಮತ್ತೆ ಮೇಲೆ ಬರುತ್ತದೆ.

ಥ್ರಾಟಲ್ ಮುಟ್ಟಿಲ್ಲ. ಇಂಧನದ ಲಿವರ್ ಮುಟ್ಟಿಲ್ಲ. ಬದಲಾಗಿದ್ದು ಒಂದೇ: ಎಂಜಿನ್ ಎಳೆದುಕೊಳ್ಳುವ ಗಾಳಿ. ತಣ್ಣನೆ ಗಾಳಿಯ ಬದಲು ಸೈಲೆನ್ಸರ್ ಸುತ್ತ ಸುತ್ತಿ ಬಂದ ಬಿಸಿ ಗಾಳಿ ಒಳಗೆ ಹೋಯಿತು. ಬಿಸಿ ಗಾಳಿ ಹಿಗ್ಗಿರುತ್ತದೆ. ಅದೇ ಜಾಗದಲ್ಲಿ ಕಮ್ಮಿ ಗಾಳಿ ಹಿಡಿಸುತ್ತದೆ. ಕಮ್ಮಿ ಗಾಳಿ ಅಂದರೆ ಕಮ್ಮಿ ಆಮ್ಲಜನಕ, ಅಂದರೆ ಕಮ್ಮಿ ಪವರ್. ಗಾಳಿಯ ಸಾಂದ್ರತೆ ಎಂಜಿನ್ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಅದೇ ವಿಷಯವನ್ನು ಅಂಕಿಯಲ್ಲಿ ಹಿಡಿಯೋಣ. ಒಂದು ಹಾಳೆ, ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಸಾಕು. ಹೈಸ್ಕೂಲ್ ಗಣಿತಕ್ಕಿಂತ ಮೇಲಿನದು ಇಲ್ಲಿ ಏನೂ ಇಲ್ಲ. ಇದು ಅರ್ಥ ಮಾಡಿಕೊಳ್ಳುವುದಕ್ಕೆ ಹಾಕುವ ಲೆಕ್ಕ. ನಿಜವಾಗಿ ಹಾರುವಾಗ ಆ ವಿಮಾನದ ಕೈಪಿಡಿಯಲ್ಲಿರುವ ಚಾರ್ಟೇ ಕೊನೆಯ ಮಾತು.

ಲೆಕ್ಕಕ್ಕೆ ಮುಂಚೆ: ಎಂಜಿನ್ ನುಂಗುವುದು ಲೀಟರ್, ಸುಡುವುದು ಕಿಲೋ

ಲೈಕಮಿಂಗ್ ಒ-320 ಎಂಜಿನ್ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರ್. ತರಬೇತಿ ವಿಮಾನಗಳಲ್ಲಿ ಬಹಳ ಕಾಣಸಿಗುವ ಎಂಜಿನ್ ಇದು. ಹೆಸರಿನ 320 ಅಂದರೆ 320 ಘನ ಇಂಚು, ಸುಮಾರು 5.2 ಲೀಟರ್. ಇದರ ಒಂದು ಮಾದರಿ 2700 ಆರ್‌ಪಿಎಂನಲ್ಲಿ 160 ಹಾರ್ಸ್‌ಪವರ್ ಕೊಡುತ್ತದೆ.

ಫೋರ್ ಸ್ಟ್ರೋಕ್ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಎಲ್ಲ ಸಿಲಿಂಡರುಗಳೂ ಗಾಳಿ ತುಂಬಿಕೊಳ್ಳುತ್ತವೆ. ಅಂದರೆ ನಿಮಿಷಕ್ಕೆ 1350 ಸಲ 5.2 ಲೀಟರ್. ಹತ್ತಿರ ಹತ್ತಿರ 7000 ಲೀಟರ್, 7 ಘನ ಮೀಟರ್. ನಿಜದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಸ್ವಲ್ಪ ಕಮ್ಮಿಯೇ ಇರುತ್ತದೆ. ಆದರೆ ವಿಷಯ ಏನೆಂದರೆ, ಸಮುದ್ರ ಮಟ್ಟದಲ್ಲಿದ್ದರೂ ಬೆಟ್ಟದ ಮೇಲಿದ್ದರೂ ಈ ಲೀಟರ್ ಲೆಕ್ಕ ಬದಲಾಗುವುದಿಲ್ಲ. ಸಿಲಿಂಡರ್ ಹಿಗ್ಗುವುದಿಲ್ಲವಲ್ಲ!

ಬದಲಾಗುವುದು ಆ ಲೀಟರುಗಳ ತೂಕ. ಸಮುದ್ರ ಮಟ್ಟ, 15 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೊಪ್ಯಾಸ್ಕಲ್ ಒತ್ತಡ: ಇದನ್ನು ಇಡೀ ಜಗತ್ತು ಸ್ಟ್ಯಾಂಡರ್ಡ್ ಗಾಳಿ ಅಂತ ಒಪ್ಪಿಕೊಂಡಿದೆ. ಅಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. 7 ಘನ ಮೀಟರಿಗೆ ಎಂಟೂವರೆ ಕಿಲೋ. ನಿಮಿಷಕ್ಕೆ ಎಂಟೂವರೆ ಕಿಲೋ ಗಾಳಿ ನುಂಗುವ ಯಂತ್ರ! ಗಾಳಿಗೆ ತೂಕವೇ ಇಲ್ಲ ಅಂದುಕೊಂಡು ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಗಾಳಿ ತೆಳುವಾದರೆ ಈ ಕಿಲೋ ಇಳಿಯುತ್ತದೆ. ಪವರ್ ಇಳಿಯುವುದು ಅಲ್ಲಿಂದಲೇ. ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಒಂದು ಬೇಸಿಗೆಯ ಮಧ್ಯಾಹ್ನ: ರನ್‌ವೇ ಎತ್ತರ 3000 ಅಡಿ, ಕ್ಯೂಎನ್‌ಎಚ್ (ಸಮುದ್ರ ಮಟ್ಟದ ಲೆಕ್ಕಕ್ಕೆ ತಿದ್ದಿ ಹೇಳುವ ಇವತ್ತಿನ ಗಾಳಿಯ ಒತ್ತಡ, ಹೆಕ್ಟೊಪ್ಯಾಸ್ಕಲ್‌ನಲ್ಲಿ) 1007, ಉಷ್ಣಾಂಶ 35 ಡಿಗ್ರಿ. ಕೊನೆಯವರೆಗೂ ಇದನ್ನೇ ಎಳೆದುಕೊಂಡು ಹೋಗುತ್ತೇನೆ.

ಹಂತ 1: ಒತ್ತಡದ ಎತ್ತರ ಹುಡುಕಿ

ಇದಕ್ಕೆ ಪ್ರೆಶರ್ ಆಲ್ಟಿಟ್ಯೂಡ್ ಅನ್ನುತ್ತಾರೆ. ಇವತ್ತು ಇಲ್ಲಿರುವ ಒತ್ತಡ ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಎಷ್ಟು ಎತ್ತರದಲ್ಲಿ ಸಿಗುತ್ತದೆ ಅನ್ನುವುದು ಪ್ರಶ್ನೆ.

1013ರಿಂದ ಕ್ಯೂಎನ್‌ಎಚ್ ಕಳೆಯಿರಿ. ಬಂದದ್ದನ್ನು 30ರಿಂದ ಗುಣಿಸಿ. ರನ್‌ವೇ ಎತ್ತರಕ್ಕೆ ಕೂಡಿಸಿ. ನಮ್ಮ ಉದಾಹರಣೆಯಲ್ಲಿ 1013ರಲ್ಲಿ 1007 ಹೋದರೆ 6, ಅದನ್ನು 30ರಿಂದ ಗುಣಿಸಿದರೆ 180. ಒತ್ತಡದ ಎತ್ತರ 3180 ಅಡಿ. ಕರಾರುವಾಕ್ಕಾಗಿ ಹೇಳಬೇಕೆಂದರೆ ಸಮುದ್ರ ಮಟ್ಟದ ಹತ್ತಿರ ಒಂದು ಹೆಕ್ಟೊಪ್ಯಾಸ್ಕಲ್‌ಗೆ 27 ಅಡಿ ಚಿಲ್ಲರೆ. ಆದರೆ ಬಾಯಿಲೆಕ್ಕಕ್ಕೆ 30 ಸಲೀಸು. ಪಾದರಸದ ಇಂಚಿನಲ್ಲಿ ಒತ್ತಡ ಹೇಳುವ ಕಡೆ 29.92ರಿಂದ ಕಳೆದು 1000ದಿಂದ ಗುಣಿಸಿದರೆ ಆಯಿತು.

ಎಡವುವ ಜಾಗ ಚಿಹ್ನೆಯದು. ಕಲಿಯುವಾಗ ನಾನೂ ಇಲ್ಲಿ ಕೂಡಿಸುವ ಬದಲು ಕಳೆದು ಕೂತಿದ್ದೆ, ಉತ್ತರ ನೋಡಿ ಖುಷಿಯೂ ಪಟ್ಟಿದ್ದೆ. ಒತ್ತಡ ಕಮ್ಮಿ ಇದ್ದರೆ ಗಾಳಿ ತೆಳು, ಹಾಗಾಗಿ ಎತ್ತರ ಜಾಸ್ತಿ ಬರಲೇಬೇಕು. ಉತ್ತರ ಬಂದ ಮೇಲೆ ಈ ಒಂದು ಮಾತನ್ನು ಹೇಳಿಕೊಂಡು ನೋಡಿದರೆ ತಪ್ಪು ತಾನಾಗೇ ಸಿಕ್ಕಿಬೀಳುತ್ತದೆ.

ವಿಮಾನದೊಳಗೇ ಕೂತಿದ್ದರೆ ಲೆಕ್ಕವೇ ಬೇಡ. ಎತ್ತರ ತೋರಿಸುವ ಆಲ್ಟಿಮೀಟರಿನ ಕಿಟಕಿಯಲ್ಲಿ 1013 ತಿರುಗಿಸಿ ಇಟ್ಟರೆ ಮುಳ್ಳು ತೋರಿಸುವುದೇ ಒತ್ತಡದ ಎತ್ತರ. ಓದಿಕೊಂಡ ಮೇಲೆ ಕ್ಯೂಎನ್‌ಎಚ್‌ಗೆ ವಾಪಸ್ ತಿರುಗಿಸುವುದನ್ನು ಮಾತ್ರ ಮರೆಯಬೇಡಿ.

ಹಂತ 2: ಆ ಎತ್ತರದಲ್ಲಿ ಎಷ್ಟು ತಂಪಿರಬೇಕಿತ್ತು?

ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಪ್ರತಿ ಸಾವಿರ ಅಡಿಗೆ ಉಷ್ಣಾಂಶ ಸುಮಾರು 2 ಡಿಗ್ರಿ ಇಳಿಯುತ್ತದೆ. 3180 ಅಡಿಗೆ 6.4 ಡಿಗ್ರಿ. 15ರಲ್ಲಿ ಅದನ್ನು ಕಳೆದರೆ 8.6 ಡಿಗ್ರಿ. ಇರಬೇಕಾದದ್ದು 8.6, ಇರುವುದು 35. ವ್ಯತ್ಯಾಸ 26.4 ಡಿಗ್ರಿ.

ಇಲ್ಲೊಂದು ಸಾಮಾನ್ಯ ತಪ್ಪಿದೆ. ಎಷ್ಟೋ ಜನ 35ರಲ್ಲಿ 15 ಕಳೆದು 20 ಡಿಗ್ರಿ ಅಂದುಬಿಡುತ್ತಾರೆ. 15 ಸಮುದ್ರ ಮಟ್ಟದ ಅಂಕಿ. ಎತ್ತರದ ರನ್‌ವೇಯಲ್ಲಿ ನಮಗೆ ಹಿತ ಅನ್ನಿಸುವ 25 ಡಿಗ್ರಿ ಕೂಡ ಎಂಜಿನ್ ಪಾಲಿಗೆ ಬಿಸಿಲೇ.

ಇನ್ನೊಂದು. ಹವಾಮಾನ ವರದಿಯ ಉಷ್ಣಾಂಶವನ್ನು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದಿರುತ್ತಾರೆ. ಮಧ್ಯಾಹ್ನ ಡಾಂಬರಿನ ಮೇಲೆ ಪ್ರೊಪೆಲ್ಲರ್ ಎಳೆದುಕೊಳ್ಳುವ ಗಾಳಿ ಅದಕ್ಕಿಂತ ಬಿಸಿಯಾಗಿರಬಹುದು. ಒಂದೆರಡು ಡಿಗ್ರಿ ಜಾಸ್ತಿ ಹಿಡಿದುಕೊಂಡರೆ ನಷ್ಟವೇನಿಲ್ಲ.

ಹಂತ 3: ಸಾಂದ್ರತೆಯ ಎತ್ತರ

ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಇವತ್ತಿನಷ್ಟೇ ತೆಳು ಗಾಳಿ ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಎಷ್ಟು ಎತ್ತರದಲ್ಲಿ ಸಿಗುತ್ತದೆ ಅನ್ನುವುದೇ ಅದು. ವ್ಯತ್ಯಾಸದ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿದರೆ ಅದು ಸಿಗುತ್ತದೆ. 26.4 ಡಿಗ್ರಿಗೆ 3168 ಅಡಿ. ಒತ್ತಡದ ಎತ್ತರ 3180ಕ್ಕೆ ಕೂಡಿಸಿದರೆ 6348. ಸುಮಾರು 6350 ಅಡಿ ಅನ್ನೋಣ.

ಒಂದು ಕ್ಷಣ ನಿಂತು ನೋಡಿ. ವಿಮಾನ ನಿಂತಿರುವುದು 3000 ಅಡಿಯಲ್ಲಿ. ಗಾಳಿ ಇರುವುದು 6350 ಅಡಿಯ ಗಾಳಿ. ಬಿಸಿಲು ಒಂದೇ ರನ್‌ವೇಯನ್ನು ಎರಡು ಪಟ್ಟು ಎತ್ತರಕ್ಕೆ ಏರಿಸಿಬಿಟ್ಟಿದೆ.

ಈ 120 ಅಡಿ ಸೂತ್ರ ಒರಟು. ಒತ್ತಡ, ಉಷ್ಣಾಂಶ ಇಟ್ಟುಕೊಂಡು ಸಾಂದ್ರತೆಯನ್ನು ನೇರವಾಗಿ ತೆಗೆದರೆ ಈ ಉದಾಹರಣೆಗೆ ಸುಮಾರು 200 ಅಡಿ ಕಮ್ಮಿ ಬರುತ್ತದೆ. ತಪ್ಪು ಸುರಕ್ಷತೆಯ ಕಡೆಗೇ ವಾಲಿದೆ, ಹಾಗಾಗಿ ಅದನ್ನು ಹಾಗೇ ಬಿಡೋಣ.

ಹಂತ 4: ಗಾಳಿ ಎಷ್ಟು ಪಾಲು ಉಳಿದಿದೆ?

ಸಮುದ್ರ ಮಟ್ಟದ ಸಾಂದ್ರತೆಯನ್ನು 1 ಅಂತ ಹಿಡಿದರೆ:

2000 ಅಡಿಯಲ್ಲಿ 0.943
4000 ಅಡಿಯಲ್ಲಿ 0.888
6000 ಅಡಿಯಲ್ಲಿ 0.836
8000 ಅಡಿಯಲ್ಲಿ 0.786
10000 ಅಡಿಯಲ್ಲಿ 0.738

6350 ಅಡಿಗೆ 6000 ಮತ್ತು 8000ದ ನಡುವೆ ಅಂದಾಜು ಹಾಕಿದರೆ 0.827. ಸಮುದ್ರ ಮಟ್ಟದ ಗಾಳಿಯಲ್ಲಿ ನೂರಕ್ಕೆ 17 ಪಾಲು ಇಲ್ಲವೇ ಇಲ್ಲ.

ಹಂತ 5: ಪವರ್, ಎರಡು ದಾರಿಯಲ್ಲಿ

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಸ್ವಾರಸ್ಯ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೋಗೋಣ.

ಗಾಳಿ 17 ಪಾಲು ಕಮ್ಮಿಯಾದರೆ ಪವರ್ ಕೂಡ 17 ಪಾಲು ಕಮ್ಮಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಪೂರ್ತಿ ಸರಿಯಲ್ಲ. ಸಿಲಿಂಡರಿನೊಳಗೆ ಹುಟ್ಟುವ ಪವರ್ ಎಲ್ಲವೂ ಪ್ರೊಪೆಲ್ಲರಿಗೆ ತಲುಪುವುದಿಲ್ಲ. ಪಿಸ್ಟನ್ ಉಜ್ಜಾಟ, ಬೇರಿಂಗ್, ಆಯಿಲ್ ಪಂಪ್, ವಾಲ್ವ್ ಎಲ್ಲವೂ ತಮ್ಮ ಪಾಲು ತಿನ್ನುತ್ತವೆ. ಗಾಳಿ ತೆಳುವಾದರೂ ಆ ಪಾಲು ಕಮ್ಮಿಯಾಗುವುದಿಲ್ಲ. ಸಂಬಳ ಕಡಿತ ಆದರೂ ಮನೆ ಬಾಡಿಗೆ ಅಷ್ಟೇ ಇರುವ ಹಾಗೆ.

ಗ್ಯಾಗ್ ಮತ್ತು ಫೆರಾರ್ ಎಂಬ ಇಬ್ಬರು ಎಂಜಿನಿಯರುಗಳು 1934ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಈಗಲೂ ಅದೇ ಬಳಕೆಯಲ್ಲಿದೆ: ಸಾಂದ್ರತೆಯ ಪಾಲನ್ನು 1.132ರಿಂದ ಗುಣಿಸಿ, 0.132 ಕಳೆಯಿರಿ. ಹೇಗೆ ಓದಬೇಕೆಂದರೆ, ಹೊರಗೆ 100 ಹಾರ್ಸ್‌ಪವರ್ ಕೊಡುವ ಎಂಜಿನ್ ಒಳಗೆ 113.2 ಹುಟ್ಟಿಸುತ್ತದೆ, 13.2 ತಾನೇ ತಿನ್ನುತ್ತದೆ. 22000 ಅಡಿ ಹತ್ತಿರ ಗಾಳಿ ಅರ್ಧ ಆಗುತ್ತದೆ. ಅಲ್ಲಿ ಹುಟ್ಟುವುದು 56.6, ಒಳಖರ್ಚು ಅದೇ 13.2, ಕೈಗೆ ಸಿಗುವುದು 43.4. ಅರ್ಧ ಗಾಳಿಗೆ ಅರ್ಧ ಪವರ್ ಕೂಡ ಇಲ್ಲ.

ನಮ್ಮ 0.827ಕ್ಕೆ ಹಾಕಿದರೆ 0.936ರಲ್ಲಿ 0.132 ಹೋಗಿ 0.804. 160ರಲ್ಲಿ ಅಷ್ಟು ಪಾಲು ಅಂದರೆ 129 ಹಾರ್ಸ್‌ಪವರ್.

ಸುಮಾರು ಕಡೆ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಆದರೆ ಒಂದು ಎಡವಟ್ಟಿದೆ. ಆ ಸೂತ್ರ ಸ್ಟ್ಯಾಂಡರ್ಡ್ ವಾತಾವರಣಕ್ಕೆ, ಅಂದರೆ ಎತ್ತರ ಹೋದಂತೆ ಗಾಳಿ ತಂಪಾಗುವ ಲೋಕಕ್ಕೆ. ನಮ್ಮ ಗಾಳಿ ತೆಳುವಾಗಿರುವುದು ಅರ್ಧ ಎತ್ತರದಿಂದ, ಇನ್ನರ್ಧ ಬಿಸಿಲಿನಿಂದ. ರೆಕ್ಕೆಗೆ ಇವೆರಡೂ ಒಂದೇ. ಎಂಜಿನ್‌ಗೆ ಒಂದೇ ಅಲ್ಲ!

ಯಾಕೆ? ಹೊರಗಿನ ಗಾಳಿ ಸಿಲಿಂಡರ್ ಸೇರುವಷ್ಟರಲ್ಲಿ ಬಿಸಿ ಪೈಪು, ಬಿಸಿ ವಾಲ್ವ್ ದಾಟಿ ಬರುತ್ತದೆ. ತಣ್ಣನೆಯ ಗಾಳಿ ದಾರಿಯಲ್ಲಿ ಜಾಸ್ತಿ ಕಾಯುತ್ತದೆ, ಮೊದಲೇ ಬಿಸಿಯಾದ ಗಾಳಿ ಕಮ್ಮಿ ಕಾಯುತ್ತದೆ. ಹೊರಗೆ ಇದ್ದ ವ್ಯತ್ಯಾಸದಲ್ಲಿ ಒಂದಿಷ್ಟು ಹೀಗೆ ಅಳಿಸಿಹೋಗುತ್ತದೆ. ಒತ್ತಡದ ಕೊರತೆಗೆ ಇಂಥ ರಿಯಾಯಿತಿ ಇಲ್ಲ. ಹಾಗಾಗಿ ಎಂಜಿನ್ ತಯಾರಕರ ಪವರ್ ಚಾರ್ಟುಗಳಲ್ಲಿ ಒತ್ತಡಕ್ಕೆ ಬೇರೆ, ಉಷ್ಣಾಂಶಕ್ಕೆ ಬೇರೆ ತಿದ್ದುಪಡಿ ಇರುತ್ತದೆ. ಉಷ್ಣಾಂಶದ ತಿದ್ದುಪಡಿ ವರ್ಗಮೂಲದ ಲೆಕ್ಕದಲ್ಲಿ ಹೋಗುತ್ತದೆ. ಬಾಯಿಲೆಕ್ಕಕ್ಕೆ, ಸ್ಟ್ಯಾಂಡರ್ಡ್‌ಗಿಂತ ಜಾಸ್ತಿ ಇರುವ ಪ್ರತಿ ಐದೂವರೆ ಡಿಗ್ರಿಗೆ ನೂರಕ್ಕೆ 1 ಪಾಲು ಪವರ್ ಕಳೆಯಿರಿ.

ಹಾಗೆ ಮಾಡೋಣ. ಮೊದಲು ಬರೀ ಒತ್ತಡದ ಎತ್ತರ 3180 ಅಡಿ. ಅಲ್ಲಿನ ಸ್ಟ್ಯಾಂಡರ್ಡ್ ಸಾಂದ್ರತೆ 0.910. ಸೂತ್ರಕ್ಕೆ ಹಾಕಿದರೆ 0.898. ಇನ್ನು 26.4 ಡಿಗ್ರಿ ಬಿಸಿಗೆ ಸುಮಾರು ನಾಲ್ಕೂವರೆ ಪಾಲು ಕಡಿತ. ಉಳಿಯುವುದು 0.858 ಆಸುಪಾಸು. 160ರಲ್ಲಿ 137 ಹಾರ್ಸ್‌ಪವರ್.

129 ಮತ್ತು 137. ಒಂದೇ ಗಾಳಿ, ಒಂದೇ ಎಂಜಿನ್, ಎಂಟು ಹಾರ್ಸ್‌ಪವರ್ ವ್ಯತ್ಯಾಸ. ಎರಡನೆಯದು ನಿಜಕ್ಕೆ ಹತ್ತಿರ. ಆದರೆ ಹೊರಡೋದಾ ಬೇಡವಾ ಅಂತ ತೀರ್ಮಾನಿಸುವಾಗ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ. ಹಳೇ ಎಂಜಿನ್, ಮಣ್ಣು ಕಟ್ಟಿದ ಏರ್ ಫಿಲ್ಟರ್, ಸವೆದ ರಿಂಗ್ ಇವಕ್ಕೆಲ್ಲ ಎಂಟು ಹಾರ್ಸ್‌ಪವರ್ ಬಿಟ್ಟಿದ್ದೇನೆ ಅಂದುಕೊಂಡರೆ ಆಯಿತು.

ಹಂತ 6: ತೇವಾಂಶವನ್ನು ಮರೆಯಬೇಡಿ

ತೇವ ತುಂಬಿದ ಗಾಳಿ ಭಾರ ಅಂತ ನಮಗೆಲ್ಲ ಅನ್ನಿಸುತ್ತದೆ. ಮೈಗೆ ಅಂಟಿಕೊಳ್ಳುತ್ತದಲ್ಲ, ಅದಕ್ಕೆ. ನಿಜದಲ್ಲಿ ಅದು ಹಗುರ. ನೀರಿನ ಅಣುವಿನ ತೂಕ 18. ಒಣಗಾಳಿಯ ಸರಾಸರಿ ಅಣುತೂಕ 29ರ ಹತ್ತಿರ. ನೀರಾವಿ ಒಳಗೆ ಬಂದಾಗ ಅದಕ್ಕಿಂತ ಭಾರದ ಗಾಳಿಯನ್ನು ಆಚೆ ತಳ್ಳಿ ಜಾಗ ಮಾಡಿಕೊಳ್ಳುತ್ತದೆ.

35 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವ ಕುಡಿದರೆ ನೀರಾವಿಯ ಒತ್ತಡ ಸುಮಾರು 56 ಹೆಕ್ಟೊಪ್ಯಾಸ್ಕಲ್. ತೇವಾಂಶ ಅರ್ಧ, ಅಂದರೆ ಶೇಕಡಾ 50 ಇದ್ದರೆ 28. ನಮ್ಮ ರನ್‌ವೇಯ ಮೇಲಿನ ಒಟ್ಟು ಒತ್ತಡ ಸುಮಾರು 900. ಅಂದರೆ ಗಾಳಿಯ ನೂರರಲ್ಲಿ 3 ಪಾಲು ನೀರಾವಿ.

ಸಾಂದ್ರತೆ ಇದರಿಂದ ಇಳಿಯುವುದು ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ‘ತೇವಾಂಶದಿಂದ ಅಂಥಾ ವ್ಯತ್ಯಾಸ ಇಲ್ಲ’ ಅನ್ನುವ ಮಾತು ಬಂದಿರುವುದು ಇಲ್ಲಿಂದ. ರೆಕ್ಕೆಯ ಮಟ್ಟಿಗೆ ಅದು ಸರಿ. ಎಂಜಿನ್ ಲೆಕ್ಕವೇ ಬೇರೆ. ನೀರಾವಿ ಸುಡುವುದಕ್ಕೆ ಬರುವುದಿಲ್ಲ. 3 ಪಾಲು ನೀರಾವಿ ಬಂತು ಅಂದರೆ 3 ಪಾಲು ಆಮ್ಲಜನಕ ಹೋಯಿತು. 137ರಲ್ಲಿ ಇನ್ನೂ ನಾಲ್ಕು ಹಾರ್ಸ್‌ಪವರ್ ಇಳಿದು 133. ಕಾರ್ಬ್ಯುರೇಟರ್ ಬೇರೆ ನೀರಾವಿಯನ್ನೂ ಗಾಳಿ ಅಂತಲೇ ನಂಬಿ ಅದಕ್ಕೂ ಇಂಧನ ಬಿಡುತ್ತದೆ. ಮಿಶ್ರಣ ಇನ್ನಷ್ಟು ದಪ್ಪವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಜಾಸ್ತಿಯಾಗುತ್ತದೆ.

ಹಂತ 7: ಮಿಕ್ಸ್ಚರ್ ಸರಿ ಮಾಡಿ

ಇಲ್ಲಿವರೆಗಿನ ಲೆಕ್ಕವೆಲ್ಲ ಇಂಧನ ಮತ್ತು ಗಾಳಿ ಸರಿಯಾದ ಅಳತೆಯಲ್ಲಿ ಬೆರೆತಿದ್ದರೆ ಮಾತ್ರ. ಆ ಅಳತೆ ತಾನಾಗಿ ಆಗುವುದಿಲ್ಲ, ನಿಮ್ಮ ಕೈಯಿಂದ ಆಗಬೇಕು.

ಸಾಮಾನ್ಯ ಕಾರ್ಬ್ಯುರೇಟರಿನಲ್ಲಿ ಗಾಳಿ ಕಿರಿದಾದ ಕುತ್ತಿಗೆ ದಾಟುವಾಗ ಹೀರಿಕೆ ಹುಟ್ಟುತ್ತದೆ, ಆ ಹೀರಿಕೆ ಇಂಧನವನ್ನು ಎಳೆಯುತ್ತದೆ. ಗಾಳಿಯ ಸಾಂದ್ರತೆ 0.827ಕ್ಕೆ ಇಳಿದಾಗ ಒಳಗೆ ಹೋಗುವ ಗಾಳಿಯ ತೂಕವೂ ಅಷ್ಟಕ್ಕೇ ಇಳಿಯುತ್ತದೆ. ಇಂಧನ ಮಾತ್ರ ಅದರ ವರ್ಗಮೂಲಕ್ಕೆ, ಅಂದರೆ 0.91ಕ್ಕೆ ಇಳಿಯುತ್ತದೆ. ಗಾಳಿ 17 ಪಾಲು ಕಮ್ಮಿ, ಇಂಧನ 9 ಪಾಲು ಮಾತ್ರ ಕಮ್ಮಿ. ಮಿಶ್ರಣ ಶೇಕಡಾ 10ರಷ್ಟು ದಪ್ಪ. ಇಂಧನದ ಅಳತೆ ಹೆಚ್ಚುಕಮ್ಮಿ ಮಾಡುವ ಮಿಕ್ಸ್ಚರ್ ಲಿವರ್ ಪೂರ್ತಿ ಮುಂದೆ (ಅತಿ ದಪ್ಪಕ್ಕೆ) ಇಟ್ಟೇ ಓಡಿಸಿದರೆ ಗಾಳಿಯ ಕೊರತೆ ಒಂದು ಕಡೆ, ಜಾಸ್ತಿ ಇಂಧನ ಇನ್ನೊಂದು ಕಡೆ. ಎಂಜಿನ್ ತೊದಲುತ್ತದೆ, ಪ್ಲಗ್ಗುಗಳಲ್ಲಿ ಮಸಿ ಕಟ್ಟುತ್ತದೆ.

ಮಾಡುವ ಬಗೆ ಹೀಗೆ. ಮೊದಲು ಕೈಪಿಡಿ ನೋಡಿ. ಇಂತಿಷ್ಟು ಎತ್ತರದ ಮೇಲೆ ಟೇಕಾಫ್‌ಗೆ ಮುಂಚೆ ಮಿಕ್ಸ್ಚರ್ ತೆಳು ಮಾಡಿ ಅಂತ ಅದರಲ್ಲಿ ಇರುತ್ತದೆ, ಎಷ್ಟೋ ವಿಮಾನಗಳಿಗೆ ಅದು 3000 ಅಡಿ. ಬ್ರೇಕ್ ಹಿಡಿದು, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೈಪಿಡಿ ಹೇಳಿದ ಪವರ್‌ಗೆ ಬನ್ನಿ. ಫಿಕ್ಸೆಡ್ ಪಿಚ್ (ಅಲಗಿನ ಓರೆ ಬದಲಿಸಲು ಬಾರದ) ಪ್ರೊಪೆಲ್ಲರ್ ಇದ್ದರೆ ಲಿವರನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಟ್ಯಾಕೋಮೀಟರ್ ನೋಡುತ್ತಿರಿ. ಮುಳ್ಳು ಮೊದಲು ಮೇಲೇರುತ್ತದೆ. ಮುಂಚೆ ಗಂಟಲು ಕಟ್ಟಿದ ಹಾಗಿದ್ದ ಸದ್ದು ತಿಳಿಯಾಗುವುದು ಕಿವಿಗೂ ಗೊತ್ತಾಗುತ್ತದೆ. ಇನ್ನೂ ಎಳೆದರೆ ಮುಳ್ಳು ಇಳಿಯಲು ಶುರು, ಎಂಜಿನ್ ನಡುಗುತ್ತದೆ. ಅಲ್ಲಿಂದ ಲಿವರನ್ನು ಮುಂದಕ್ಕೆ ತಳ್ಳಿ ತುದಿ ದಾಟಿ, ದಪ್ಪದ ಕಡೆಗೆ ಒಂಚೂರು ಜಾಸ್ತಿಯೇ ಇಡಿ. ಆ ಒಂಚೂರು ಎಂಜಿನ್ ತಂಪಾಗಿರಲಿಕ್ಕೆ.

ಇಳಿಯುವಾಗ ಚೆಕ್‌ಲಿಸ್ಟ್ ಓದುತ್ತಾ ಅಭ್ಯಾಸಬಲದಿಂದ ಮಿಕ್ಸ್ಚರ್ ಪೂರ್ತಿ ಮುಂದೆ ತಳ್ಳುವವರಿದ್ದಾರೆ. ಎತ್ತರದ ರನ್‌ವೇಯಲ್ಲಿ ಲ್ಯಾಂಡಿಂಗ್ ಕೈಬಿಟ್ಟು ಮತ್ತೆ ಮೇಲೇರಬೇಕಾಗಿ ಬಂದರೆ, ಬೇಕಾದ ಹೊತ್ತಿಗೇ ಎಂಜಿನ್ ಮುಗ್ಗರಿಸುತ್ತದೆ. ಟರ್ಬೊ (ಗಾಳಿಯನ್ನು ಅಮುಕಿ ಒಳಗೆ ತಳ್ಳುವ ಸಾಧನ) ಇರುವ ಎಂಜಿನ್‌ಗಳದ್ದು ಬೇರೆ ನಿಯಮ. ಅವಕ್ಕೆ ಸಾಮಾನ್ಯವಾಗಿ ಟೇಕಾಫ್‌ನಲ್ಲಿ ಪೂರ್ತಿ ದಪ್ಪ ಮಿಶ್ರಣವೇ ಬೇಕು.

ಹಂತ 8: ಟ್ಯಾಕೋಮೀಟರ್ ಮಾತು ನಂಬಬೇಡಿ

ಫಿಕ್ಸೆಡ್ ಪಿಚ್ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡುತ್ತೀರಿ. ಮಾಮೂಲಿಯಷ್ಟೇ ಇದೆ! ಹಾಗಾದರೆ ಪವರ್ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಇಲ್ಲ. ಎಂಜಿನ್ ದುರ್ಬಲವಾಗಿದೆ ನಿಜ, ಆದರೆ ಪ್ರೊಪೆಲ್ಲರ್ ಕೊಚ್ಚುತ್ತಿರುವ ಗಾಳಿಯೂ ಅಷ್ಟೇ ತೆಳುವಾಗಿದೆ. ತಿರುಗಿಸುವ ಕೈಯ ಬಲವೂ ಕಮ್ಮಿ, ತಡೆಯುವ ಗಾಳಿಯ ಬಲವೂ ಕಮ್ಮಿ. ಎರಡೂ ಹೆಚ್ಚುಕಮ್ಮಿ ಸರಿಹೋಗಿ ಆರ್‌ಪಿಎಂ ಒಂದೆರಡು ಪಾಲಿಗಿಂತ ಜಾಸ್ತಿ ಕದಲುವುದಿಲ್ಲ. ಸದ್ದು ಅದೇ, ಮುಳ್ಳು ಅದೇ, ಬೆನ್ನಿಗೆ ಸೀಟಿನ ಒತ್ತು ಮಾತ್ರ ಇಲ್ಲ.

ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಗೇಜ್ ಇದ್ದರೆ ಅದು ಇಷ್ಟು ಮೋಸ ಮಾಡುವುದಿಲ್ಲ. ಎಂಜಿನ್ ಶುರು ಮಾಡುವ ಮುಂಚೆ ಅದನ್ನೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಿಂತ ಎಂಜಿನ್‌ನಲ್ಲಿ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ಸಮುದ್ರ ಮಟ್ಟದಲ್ಲಿ 29.92 ಇಂಚು, ಸಾವಿರ ಅಡಿಗೆ ಹತ್ತಿರ ಹತ್ತಿರ ಒಂದು ಇಂಚು ಇಳಿಕೆ. ನಮ್ಮ ರನ್‌ವೇಯಲ್ಲಿ 26.6. ಟರ್ಬೊ ಇಲ್ಲದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲೂ ಅದನ್ನು ಮೀರುವುದಿಲ್ಲ. ಆದರೆ ಈ ಗೇಜಿಗೂ ಒಂದು ಕುರುಡು ಇದೆ: ಒತ್ತಡ ಕಾಣುತ್ತದೆ, ಬಿಸಿ ಕಾಣುವುದಿಲ್ಲ. 8 ಡಿಗ್ರಿಯಲ್ಲೂ 26.6, 35 ಡಿಗ್ರಿಯಲ್ಲೂ 26.6.

ಹಂತ 9: ಕಳೆದುಹೋದ ಹಾರ್ಸ್‌ಪವರನ್ನು ರನ್‌ವೇ ಅಡಿಗಳಿಗೆ ಬದಲಿಸಿ

ತೇವಾಂಶದ ಕಡಿತ ಬಿಟ್ಟರೂ 160 ಇದ್ದದ್ದು 137 ಆಯಿತು, ಶೇಕಡಾ 14 ತಾನೇ ಅಂತ ಸುಮ್ನೆ ಇರುವ ಹಾಗಿಲ್ಲ. ತೆಳು ಗಾಳಿ ಎಂಜಿನ್‌ಗೆ ಒಂದು ಪೆಟ್ಟು ಕೊಟ್ಟರೆ ರೆಕ್ಕೆಗೆ ಇನ್ನೊಂದು ಕೊಡುತ್ತದೆ.

ಏರ್‌ಸ್ಪೀಡ್ ಗೇಜ್ ತೋರಿಸುವ ವೇಗ ಎಂದಿನದೇ ಇರಲಿ. ಅದನ್ನು ಬದಲಿಸಬಾರದು. ಆದರೆ ಆ ತೋರಿಕೆ ವೇಗ ಮುಟ್ಟಲು ವಿಮಾನ ನಿಜದಲ್ಲಿ ಶೇಕಡಾ 10 ಜಾಸ್ತಿ ವೇಗವಾಗಿ ಓಡಬೇಕು. ವೇಗ ಶೇಕಡಾ 10 ಹೆಚ್ಚಿದರೆ ತುಂಬಬೇಕಾದ ಶಕ್ತಿ 21 ಹೆಚ್ಚುತ್ತದೆ. ಅದನ್ನು ತುಂಬುವ ಎಳೆತ ಸುಮಾರು 17 ಕಮ್ಮಿ. ಎರಡನ್ನೂ ಸೇರಿಸಿದರೆ ಓಟ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಇದು ಒರಟು ಅಂದಾಜು, ನಿಜವಾದ ಅಂಕಿಗೆ ಕೈಪಿಡಿಯ ಟೇಕಾಫ್ ಚಾರ್ಟ್ ತೆರೆಯಿರಿ.

ಮೇಲೇರುವುದಂತೂ ಇನ್ನೂ ಕಷ್ಟ. ಮೇಲೇರುವ ವೇಗದಲ್ಲಿ ಸಮತಲವಾಗಿ ಹಾರುವುದಕ್ಕೇ 75 ಹಾರ್ಸ್‌ಪವರ್ ಬೇಕು ಅಂತ ಹಿಡಿಯೋಣ. ಸಮುದ್ರ ಮಟ್ಟದಲ್ಲಿ 160ರಲ್ಲಿ 75 ಹೋಗಿ 85 ಉಳಿಯುತ್ತದೆ. ಏರಿಸುವುದು ಈ ಉಳಿಕೆ ಮಾತ್ರ. ನಮ್ಮ ಮಧ್ಯಾಹ್ನದಲ್ಲಿ ನಿಜವೇಗ ಹೆಚ್ಚಾದ್ದರಿಂದ 75 ಬೇಕಿದ್ದ ಕಡೆ 82 ಬೇಕು. ಇರುವುದು 137. ಉಳಿಕೆ 55. ಪವರ್ ಹೋದದ್ದು ಶೇಕಡಾ 14, ಏರುವ ಶಕ್ತಿ ಹೋದದ್ದು ಶೇಕಡಾ 35. ರನ್‌ವೇ ತುದಿಯಲ್ಲಿ ಮರಗಳಿದ್ದರೆ ನೋಡಬೇಕಾದದ್ದು ಈ ಎರಡನೇ ಅಂಕಿ.

ಟರ್ಬೊ, ಜೆಟ್ ಬಗ್ಗೆ ನಾಲ್ಕು ಮಾತು

ಗಾಳಿ ತೆಳುವಾದರೆ ಅದನ್ನೇ ಅಮುಕಿ ಒಳಗೆ ತಳ್ಳಿದರಾಯಿತು, ಅಲ್ವಾ? ಟರ್ಬೊಚಾರ್ಜರ್ ಮಾಡುವುದು ಅದನ್ನೇ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಲಿಬರ್ಟಿ ಎಂಬ ವಿಮಾನದ ಎಂಜಿನ್ ಒಂದನ್ನು ಸಾಗಿಸಿ ಪರೀಕ್ಷೆ ಮಾಡಿದರು. ಎತ್ತರ 14000 ಅಡಿ ದಾಟಿದ ಜಾಗ. ಕೆಳಗೆ ಸುಮಾರು 350 ಹಾರ್ಸ್‌ಪವರ್ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಸೇರಿಸಿದ ಮೇಲೆ 356 ಕೊಟ್ಟಿತು.

ಒಂದು ಎತ್ತರದವರೆಗೆ ಟರ್ಬೊ ಪವರನ್ನು ಹಿಡಿದಿಡುತ್ತದೆ. ಅದಕ್ಕೆ ಕ್ರಿಟಿಕಲ್ ಆಲ್ಟಿಟ್ಯೂಡ್ ಎಂದು ಹೆಸರು. ಅದರ ಮೇಲೆ ಮಾಮೂಲಿ ಎಂಜಿನ್ ಹಾಗೇ ಇಳಿಕೆ ಶುರು. ಗಾಳಿಯನ್ನು ಅಮುಕಿದಾಗ ಅದು ಬಿಸಿಯಾಗುತ್ತದೆ, ಗಳಿಸಿದ್ದರಲ್ಲಿ ಒಂದಿಷ್ಟು ಅಲ್ಲೇ ಸೋರಿಹೋಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರುವುದು ಅದಕ್ಕೇ. ಮತ್ತೆ, ಟರ್ಬೊ ಎಂಜಿನ್‌ಗೆ ಗಾಳಿ ಕೊಡುತ್ತದೆ, ರೆಕ್ಕೆಗೂ ಪ್ರೊಪೆಲ್ಲರಿಗೂ ಏನೂ ಕೊಡುವುದಿಲ್ಲ. ಬ್ಯಾಟರಿ ವಿಮಾನದ ಕತೆಯೂ ಇದೇ: ಮೋಟರ್ ಉಸಿರಾಡುವುದಿಲ್ಲ, ಆದರೆ ರೆಕ್ಕೆಗೆ ಗಾಳಿ ಬೇಕೇ ಬೇಕು.

ಜೆಟ್ ಎಂಜಿನ್ ಕೂಡ ಗಾಳಿಯ ತೂಕದ ಮೇಲೆಯೇ ಬದುಕುತ್ತದೆ. ಆದರೆ ದೊಡ್ಡ ಜೆಟ್‌ಗಳನ್ನು ಸಾಮಾನ್ಯವಾಗಿ ಒಂದು ಉಷ್ಣಾಂಶದವರೆಗೆ, ಸಮುದ್ರ ಮಟ್ಟದಲ್ಲಿ 30 ಡಿಗ್ರಿ ಆಸುಪಾಸಿನವರೆಗೆ, ಒಂದೇ ಥ್ರಸ್ಟ್ (ಮುಂದಕ್ಕೆ ತಳ್ಳುವ ಬಲ) ಕೊಡುವ ಹಾಗೆ ಹೊಂದಿಸಿರುತ್ತಾರೆ. ತಂಪಿನ ದಿನ ಕೈಯಲ್ಲಿರುವುದನ್ನು ಪೂರ್ತಿ ಬಳಸುವುದಿಲ್ಲ ಅಷ್ಟೇ. ಆ ಗೆರೆ ದಾಟಿದ ಮೇಲೆ ಟರ್ಬೈನ್ ಒಳಗಿನ ಶಾಖ ಮಿತಿ ಮುಟ್ಟುತ್ತದೆ, ಥ್ರಸ್ಟ್ ಇಳಿಸದೆ ದಾರಿಯಿಲ್ಲ.

ಹಂತ 10: ಅದೇ ಲೆಕ್ಕ, ಬೆಳಗ್ಗೆ ಆರು ಗಂಟೆಗೆ

ಹಾಳೆಯ ಹಿಂಬದಿಯಲ್ಲಿ ಇನ್ನೊಮ್ಮೆ ಮಾಡಿ. ರನ್‌ವೇ ಅದೇ, ಕ್ಯೂಎನ್‌ಎಚ್ ಅದೇ, ಉಷ್ಣಾಂಶ ಮಾತ್ರ 18. ಸ್ಟ್ಯಾಂಡರ್ಡ್‌ಗಿಂತ 9.4 ಡಿಗ್ರಿ ಜಾಸ್ತಿ. ಸಾಂದ್ರತೆಯ ಎತ್ತರ 4300 ಅಡಿ. ಮೊದಲ ದಾರಿಯಲ್ಲಿ 138 ಹಾರ್ಸ್‌ಪವರ್, ಎರಡನೆಯದರಲ್ಲಿ 141. ಮಧ್ಯಾಹ್ನದ 129 ಮತ್ತು 137ರ ಪಕ್ಕ ಇಟ್ಟು ನೋಡಿ. ಒಂದು ಪೈಸೆ ಖರ್ಚಿಲ್ಲದೆ, ಅಲಾರಾಂ ಇಟ್ಟಿದ್ದಕ್ಕೇ ಅಷ್ಟು ಹಾರ್ಸ್‌ಪವರ್ ವಾಪಸ್ ಬಂತು. ರೆಕ್ಕೆಗೂ 2000 ಅಡಿ ಕೆಳಗಿನ ಗಾಳಿ ಸಿಕ್ಕಿತು.

ಬೆಳಗ್ಗೆ ಹೊರಡಲು ಆಗದಿದ್ದರೆ ತೂಕ ಇಳಿಸುವುದು ಮುಂದಿನ ಉಪಾಯ. ಟ್ಯಾಂಕ್ ಅರ್ಧ ತುಂಬಿಸಿ ಹೊರಟು, ಮುಂದೆ ಎಲ್ಲಾದರೂ ಇಳಿದು ತುಂಬಿಸಿಕೊಳ್ಳಬಹುದು. ಅದೂ ಆಗಲಿಲ್ಲ, ಮಧ್ಯಾಹ್ನವೇ ಓಡಲೇಬೇಕು ಅಂದರೆ ಮೊದಲು ರನ್‌ವೇ ಅರ್ಧ ಎಲ್ಲಿಗೆ ಬರುತ್ತದೆ ಅಂತ ಗುರುತು ಮಾಡಿಕೊಳ್ಳಿ, ಒಂದು ದೀಪವೋ ಟ್ಯಾಕ್ಸಿವೇ ತಿರುವೋ ಸಾಕು. ಆ ಗುರುತು ತಲುಪುವಷ್ಟರಲ್ಲಿ ನೆಲ ಬಿಡುವ ವೇಗದ ಶೇಕಡಾ 70 ಬಂದಿರಬೇಕು. 0.7ರ ವರ್ಗ 0.49. ಅಂದರೆ ಬೇಕಾದ ಶಕ್ತಿಯಲ್ಲಿ ಅರ್ಧ ತುಂಬಿರಬೇಕು, ಅರ್ಧ ರನ್‌ವೇ ಉಳಿದಿರಬೇಕು. 55 ನಾಟ್‌ಗೆ ಏಳುವ ವಿಮಾನವಾದರೆ ಗುರುತಿನ ಹತ್ತಿರ 38 ಅಥವಾ 39. ಮುಳ್ಳು ಅಲ್ಲಿಗೆ ಬಂದಿಲ್ಲ ಅಂದರೆ ಥ್ರಾಟಲ್ ಹಿಂದಕ್ಕೆ, ಬ್ರೇಕ್, ವಾಪಸ್ ನಿಲ್ದಾಣಕ್ಕೆ.